ಗ್ಲೌಸ್ ಒಳಗೆ ನೀರು ಬಂದಿದ್ದು ಎಲ್ಲಿಂದ? ಮಳೆ, ಚಳಿಯಲ್ಲಿ ಸೈಕಲ್ ತುಳಿಯುವವರಿಗೆ ದೋಷ ಹುಡುಕುವ ದಾರಿ

ಆರಿದ್ರಾ ಮಳೆ ಹಿಡಿದಿದ್ದ ಒಂದು ಭಾನುವಾರ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಸೈಕಲ್ ತುಳಿದುಕೊಂಡು ಹೋಗಿದ್ದೆ. ಹೋಟೆಲ್ ಜಗಲಿಯಲ್ಲಿ ನಿಂತು ಗ್ಲೌಸ್ ಬಿಚ್ಚಿ ತಲೆಕೆಳಗೆ ಮಾಡಿದರೆ ಒಂದೊಂದರಿಂದಲೂ ಕಾಲು ಲೋಟದಷ್ಟು ನೀರು ಸುರಿಯಿತು. ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು. ‘ವಾಟರ್‌ಪ್ರೂಫ್ ಅಂತ ಬರೆದಿದ್ದಾರೆ ನೋಡಿ’ ಎಂದು ಗೊಣಗಿದ್ದು ದೋಸೆ ಕಲ್ಲಿನ ಮುಂದೆ ನಿಂತಿದ್ದವರ ಕಿವಿಗೆ ಬಿತ್ತು. ‘ಬಕೆಟೂ ವಾಟರ್‌ಪ್ರೂಫೇ ಅಲ್ವಾ ಮಾರಾಯ್ರೆ? ಅದಕ್ಕೇ ನೀರು ಒಳಗೆ ನಿಂತಿದೆ’ ಎಂದರು.

ಆಗ ಸಿಟ್ಟು ಬಂತು. ಮನೆಗೆ ಬಂದು ಗ್ಲೌಸ್ ಪರೀಕ್ಷೆ ಮಾಡಿದ ಮೇಲೆ ಅವರು ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಎಲ್ಲೂ ತೂತಿರಲಿಲ್ಲ. ನೀರೆಲ್ಲ ಜಾಕೆಟ್ಟಿನ ತೋಳಿನಿಂದ ಇಳಿದು ಬಂದಿತ್ತು. ‘ಗ್ಲೌಸ್ ಸೋರುತ್ತದೆ’ ಎಂದು ಗೆಳೆಯರು ನನ್ನ ಕೈಗಿಟ್ಟ ಎಷ್ಟೋ ಜೊತೆಗಳಲ್ಲಿ ನಿಜವಾಗಿ ಸೋರುತ್ತಿದ್ದದ್ದು ಕೆಲವೇ. ಹಾಗಾಗಿ ಹೊಸದು ಕೊಳ್ಳುವ ಮೊದಲು ನೀರಿನ ಮೂಲ ಹುಡುಕಿ. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಒಂದು ಬಕೆಟ್, ಒಂದು ಚೊಂಬು, ಹಳೇ ಪೇಪರ್ ಸಾಕು.

ಒಳಗೆ ಏನಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಮೂರು ಪದರ. ಹೊರಗೆ ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆ, ಅದಕ್ಕೆ ನೀರು ಜಾರಿಸುವ ಲೇಪನ. ನಡುವೆ ತೆಳ್ಳನೆಯ ಪೊರೆ. ನೀರನ್ನು ತಡೆದು ಬೆವರಿನ ಆವಿಯನ್ನು ಬಿಡುವುದು ಇದರ ಕೆಲಸ. ಗೋರ್‌ಟೆಕ್ಸ್ ಅನ್ನುವುದು ಇಂಥದೇ ಒಂದು ಪೊರೆ. ಒಳಗೆ ಬೆಚ್ಚಗಿರಲು ಫ್ಲೀಸ್ ಲೈನಿಂಗ್. ಹೊರಬಟ್ಟೆ ಒದ್ದೆಯಾದ ಮಾತ್ರಕ್ಕೆ ಗ್ಲೌಸ್ ಸೋರಿತು ಎಂದಲ್ಲ. ಪೊರೆ ದಾಟಿ ನೀರು ಬಂದರೆ ಮಾತ್ರ ಸೋರಿಕೆ.

ಮಣಿಕಟ್ಟು, ಅಂಗೈ ತೊಯ್ದಿದೆ. ಬೆರಳ ತುದಿ ಆಮೇಲೆ ಒದ್ದೆಯಾಯಿತು

ಇದು ತೋಳಿನಿಂದ ಬಂದ ನೀರು. ಹ್ಯಾಂಡಲ್ ಹಿಡಿದಾಗ ಕೈ ಮೊಣಕೈಗಿಂತ ಕೆಳಗಿರುತ್ತದೆ. ಜಾಕೆಟ್ಟಿನ ಮೇಲೆ ಬಿದ್ದ ಮಳೆಯೆಲ್ಲ ತೋಳಿನುದ್ದಕ್ಕೂ ಹರಿದು ಮಣಿಕಟ್ಟಿಗೆ ಬರುತ್ತದೆ. ಗ್ಲೌಸಿನ ಬಾಯಿ ಜಾಕೆಟ್ಟಿನ ಮೇಲಿದ್ದರೆ ಅದು ಆಲಿಕೆಯ ಹಾಗೆ ಕೆಲಸ ಮಾಡುತ್ತದೆ.

ಖರ್ಚಿಲ್ಲದ ಪರೀಕ್ಷೆ: ಜಾಕೆಟ್, ಗ್ಲೌಸ್ ಹಾಕಿಕೊಂಡು ಬಚ್ಚಲಿನಲ್ಲಿ ನಿಲ್ಲಿ. ಹ್ಯಾಂಡಲ್ ಹಿಡಿದಂತೆ ಕೈ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಚಾಚಿ. ಮನೆಯವರಲ್ಲಿ ಯಾರಾದರೂ ಮೊಣಕೈ ಮೇಲೆ ನಾಲ್ಕೈದು ಚೊಂಬು ನೀರು ನಿಧಾನವಾಗಿ ಸುರಿಯಲಿ. (ಮನೆಯವರು ನಗುತ್ತಾರೆ, ನಗಲಿ.) ಗ್ಲೌಸ್ ಬಿಚ್ಚಿ ಮಣಿಕಟ್ಟು ನೋಡಿ. ಅಲ್ಲಿ ತೇವ ಕಂಡರೆ ಮೂಲ ಸಿಕ್ಕಿತು.

ಪರಿಹಾರವೂ ಸುಲಭ. ಗ್ಲೌಸಿನ ಕಫ್ ಒಳಗೆ, ಜಾಕೆಟ್ ತೋಳು ಅದರ ಮೇಲೆ, ತೋಳಿನ ವೆಲ್ಕ್ರೋ ಬಿಗಿ. ಎದುರು ಗಾಳಿಯ ಮಳೆಯಲ್ಲಿ ತೋಳಿನ ಬಾಯಿಯೊಳಗೂ ಸ್ವಲ್ಪ ನೀರು ನುಗ್ಗುತ್ತದೆ, ಅದಕ್ಕೇ ವೆಲ್ಕ್ರೋ ಸಡಿಲ ಬಿಡಬಾರದು. ಕಫ್ ಗಿಡ್ಡವಾಗಿದ್ದು, ಕೈ ಚಾಚಿದಾಗ ಜಾಕೆಟ್ ತೋಳು ಹಿಂದಕ್ಕೆ ಸರಿದು ಚರ್ಮ ಕಾಣುತ್ತಿದ್ದರೆ ಎಷ್ಟು ದುಬಾರಿ ಗ್ಲೌಸ್ ತಂದರೂ ಅಷ್ಟೇ. ಅಂಥ ಕಡೆ ಹಳೇ ಕಾಲುಚೀಲದ ಪಾದ ಕತ್ತರಿಸಿ ಉಳಿದದ್ದನ್ನು ಮಣಿಕಟ್ಟಿಗೆ ತೊಡಿಸುತ್ತೇನೆ. ನೀರು ನಿಲ್ಲುವುದಿಲ್ಲ, ನಿಧಾನವಾಗುತ್ತದೆ.

ಉಣ್ಣೆಯ ಸ್ವೆಟರ್ ಅಥವಾ ಉದ್ದ ತೋಳಿನ ಜೆರ್ಸಿ ಒಳಗೆ ಹಾಕಿದ್ದರೆ ಇನ್ನೊಂದು ಕಳ್ಳದಾರಿ ಇದೆ. ಅದರ ಅಂಚು ಗ್ಲೌಸಿನೊಳಗೆ ಸೇರಿ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರು ಎಳೆಯುತ್ತದೆ. ಒಳತೋಳು ಜಾಕೆಟ್ಟಿನೊಳಗೇ ಮುಗಿಯಬೇಕು, ಹೊರಗೆ ಇಣುಕಬಾರದು.

ಮಳೆ ಜೋರಾಗಿಲ್ಲ, ಏರುದಾರಿಯಲ್ಲೇ ಒಳಗೆಲ್ಲ ಒದ್ದೆ

ಬೆವರು. ಇದನ್ನು ಯಾರೂ ಒಪ್ಪುವುದಿಲ್ಲ, ನಾನೂ ಎರಡು ಮಳೆಗಾಲ ಒಪ್ಪಿರಲಿಲ್ಲ.

ಪರೀಕ್ಷೆಗೆ ಮೆಡಿಕಲ್ ಶಾಪಿನಿಂದ ನೀಲಿ ನೈಟ್ರೈಲ್ ಗ್ಲೌಸ್ ತನ್ನಿ, ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ ಅದು. ಒಂದು ಕೈಗೆ ಮಾತ್ರ ಅದನ್ನು ಹಾಕಿ, ಮೇಲೆ ಸೈಕಲ್ ಗ್ಲೌಸ್ ತೊಟ್ಟು ಎಂದಿನ ದಾರಿಯಲ್ಲಿ ಒಂದು ಗಂಟೆ ತುಳಿಯಿರಿ. ವಾಪಸು ಬಂದು ಮೊದಲು ನೈಟ್ರೈಲಿನ ಹೊರಮೈ ಮುಟ್ಟಿ ನೋಡಿ. ಅದು ಒಣಗಿದ್ದು ಒಳಗೆ ಕೈ ಪಿಚಪಿಚ ಎನ್ನುತ್ತಿದ್ದರೆ ನೀರೆಲ್ಲ ನಿಮ್ಮದೇ. ಹೊರಮೈ ಒದ್ದೆಯಾಗಿದ್ದರೆ ಮಳೆ ಒಳಗೆ ಬಂದಿದೆ. ತೋಳಿನ ಪರೀಕ್ಷೆ ಮುಗಿಸಿದ್ದರೆ ನೇರ ಬಕೆಟ್ ಪರೀಕ್ಷೆಗೆ ಹೋಗಿ. ನಾಲಿಗೆಯಿಂದ ಉಪ್ಪು ನೋಡಿ ಪತ್ತೆ ಹಚ್ಚುತ್ತೇನೆ ಎನ್ನುವ ಗೆಳೆಯನೊಬ್ಬನಿದ್ದಾನೆ. ರಸ್ತೆಯ ಕೊಚ್ಚೆ, ಸಗಣಿ ಎಲ್ಲ ಹಾರಿರುತ್ತದೆ, ಬೇಡ.

ಪೊರೆ ಬೆವರನ್ನು ಬಿಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಮತ್ತೆ ಯಾಕೆ ಹೀಗೆ? ಆವಿ ಹೊರಗೆ ಹೋಗುವುದು ಒಳಗಿನ ಮತ್ತು ಹೊರಗಿನ ಆವಿಯೊತ್ತಡದ ವ್ಯತ್ಯಾಸದಿಂದ. ಗ್ಲೌಸ್ ಒಳಗೆ 30 ಡಿಗ್ರಿಯ ತೇವದ ಗಾಳಿ, ಹೊರಗೆ 5 ಡಿಗ್ರಿಯ ಯುರೋಪಿನ ಮಳೆ ಎಂದಿಟ್ಟುಕೊಳ್ಳಿ. ತಳ್ಳುವ ಬಲ ಚೆನ್ನಾಗಿರುತ್ತದೆ. ಹೊರಗೆ 20 ಡಿಗ್ರಿಯ ಮಲೆನಾಡಿನ ಮಳೆಯಾದರೆ ಆ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗ್ಲೌಸ್ ಕೆಟ್ಟಿಲ್ಲ, ಅದನ್ನು ಮಾಡಿದ್ದು ನಮ್ಮ ಹವಾಮಾನಕ್ಕಲ್ಲ. ನಾಟಿ ಗದ್ದೆಯಲ್ಲಿ ಮಳೆಗೆ ತಲೆ, ಬೆನ್ನಿನ ಮೇಲೆ ಹಾಕಿಕೊಳ್ಳುವ ಗೊರಬು ನೋಡಿ. ಅದಕ್ಕೆ ಉಸಿರಾಡುವ ಪೊರೆ ಬೇಕಿಲ್ಲ, ಕೆಳಗೆ ಪೂರ್ತಿ ತೆರೆದೇ ಇದೆ. ಬೆನ್ನು ಒಣಗಿರುತ್ತದೆ, ಬೆವರೂ ನಿಲ್ಲುವುದಿಲ್ಲ.

ಇದರಿಂದ ಕಲಿತದ್ದು: ಏರುವಾಗ ತೆಳು ಗ್ಲೌಸ್ ಅಥವಾ ಬರಿಗೈ. ವಾಟರ್‌ಪ್ರೂಫ್ ಗ್ಲೌಸ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿನಲ್ಲಿರಲಿ. ತುದಿಗೆ ಹೋಗಿ ಕೈ ಒರೆಸಿಕೊಂಡು, ಇಳಿಯುವ ಮೊದಲು ತೊಡಿ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಚಿಕ್ಕಮಗಳೂರು ಪೇಟೆಗಿಂತ ಮೇಲೆ 4-5 ಡಿಗ್ರಿ ಕಮ್ಮಿ ಇರುತ್ತದೆ. ಗ್ಲೌಸ್ ಬೇಕಾಗುವುದು ಅಲ್ಲಿಂದ ಕೆಳಗೆ ಬರುವಾಗ, ಹತ್ತುವಾಗಲ್ಲ.

ಗ್ಲೌಸ್ ಭಾರವಾಗಿದೆ, ಕೈ ತಣ್ಣಗಿದೆ, ಆದರೆ ಒಳಗೆ ನೀರು ಸಿಗುತ್ತಿಲ್ಲ

ಹೊರಬಟ್ಟೆ ನೀರು ಕುಡಿದಿದೆ. ಹೊಸ ಗ್ಲೌಸ್ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳುತ್ತದೆ. ಲೇಪನ ಸವೆದ ಮೇಲೆ ಹನಿ ಹರಡಿ ಬಟ್ಟೆ ಕಪ್ಪಾಗುತ್ತದೆ. ಪೊರೆ ಇನ್ನೂ ನೀರು ತಡೆಯುತ್ತಿರುತ್ತದೆ, ಆದರೆ ಎರಡು ತೊಂದರೆ ಶುರುವಾಗುತ್ತವೆ. ನೆಂದ ಬಟ್ಟೆಯ ಮೂಲಕ ಆವಿ ಹೊರಗೆ ಹೋಗುವುದಿಲ್ಲ. ಶಾಖ ಮಾತ್ರ ಬೇಗ ಹೋಗುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ.

ನಲ್ಲಿ ಕೆಳಗೆ ಗ್ಲೌಸಿನ ಬೆನ್ನು ಹಿಡಿದು ನಾಲ್ಕು ಹನಿ ಬಿಡಿ. ಉರುಳಿದರೆ ಸರಿ, ಇಂಗಿದರೆ ಒಗೆಯುವ ಹೊತ್ತು. ಎಷ್ಟೋ ಸಲ ಲೇಪನ ಹೋಗಿರುವುದಿಲ್ಲ, ಬೆವರಿನ ಉಪ್ಪು, ಚೈನಿನ ಎಣ್ಣೆ ಅದನ್ನು ಮುಚ್ಚಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ಒಗೆದು, ಸೋಪು ಪೂರ್ತಿ ಹೋಗುವಂತೆ ಮೂರ್ನಾಲ್ಕು ಸಲ ಜಾಲಿಸಿ. ಬಟ್ಟೆ ಮೆತ್ತಗಾಗಲೆಂದು ಹಾಕುವ ಪರಿಮಳದ ಕಂಡೀಷನರ್ ಮಾತ್ರ ಬೇಡವೇ ಬೇಡ, ಅದು ನೀರನ್ನು ಕರೆದು ಕೂರಿಸುತ್ತದೆ. ಹಿಂಡಬೇಡಿ, ಅಂಗೈಗಳ ನಡುವೆ ಒತ್ತಿ ನೀರು ತೆಗೆಯಿರಿ. ಒಣಗಿದ ಮೇಲೆ, ಲೇಬಲ್ಲಿನಲ್ಲಿ ಬೇಡ ಎಂದಿಲ್ಲದಿದ್ದರೆ, ಹೇರ್ ಡ್ರೈಯರ್ ಕಡಿಮೆ ಶಾಖದಲ್ಲಿಟ್ಟು ಗೇಣು ದೂರದಿಂದ ಆಡಿಸಿ. ಎಷ್ಟೋ ಲೇಪನಗಳು ಬಿಸಿಗೆ ಮತ್ತೆ ಜೀವ ಪಡೆಯುತ್ತವೆ. ಆಮೇಲೂ ಹನಿ ಇಂಗಿದರೆ ಮಳೆಬಟ್ಟೆಗೆ ಹೊಡೆಯುವ ಸ್ಪ್ರೇ ತರಬೇಕು. ಅದನ್ನು ಕಿಟಕಿ ತೆರೆದು ಅಥವಾ ಅಂಗಳದಲ್ಲಿ ಹೊಡೆಯಿರಿ, ಉಸಿರಿನೊಳಗೆ ಹೋಗಬಾರದು, ಒಲೆಯ ಹತ್ತಿರವಂತೂ ಸಲ್ಲದು. ಬ್ರೇಕ್ ಲಿವರ್ ತಾಗುವ ಬೆರಳ ಒಳಭಾಗಕ್ಕೆ ಹೆಚ್ಚು ಬಿದ್ದರೆ ಜಾರುತ್ತದೆ, ಒರೆಸಿಬಿಡಿ.

ಒಂದೇ ಬೆರಳು, ಅಥವಾ ಬೆರಳ ಸಂದಿ ಮಾತ್ರ ಒದ್ದೆ

ಇದು ಗ್ಲೌಸಿನದೇ ತಪ್ಪು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿ ಮೊದಲು ಹೋಗುವ ಜಾಗ, ಹ್ಯಾಂಡಲ್ ಅಲ್ಲೇ ಉಜ್ಜುವುದು. ಆಮೇಲೆ ಬ್ರೇಕ್ ಎಳೆಯುವ ಬೆರಳ ತುದಿ. ಉಗುರು ಉದ್ದ ಬಿಟ್ಟಿದ್ದರೆ ಒಳಗಿನಿಂದಲೂ ಪೊರೆ ಹರಿಯುತ್ತದೆ.

ಬಕೆಟ್ ಪರೀಕ್ಷೆ ಎರಡು ಬಗೆ. ಮೊದಲನೆಯದು: ಒಣ ಕೈಯ ಪ್ರತಿ ಬೆರಳಿಗೂ ಟಿಶ್ಯೂ ಅಥವಾ ನ್ಯೂಸ್‌ಪೇಪರ್ ಚೂರು ಸುತ್ತಿ ಗ್ಲೌಸ್ ತೊಡಿ. ಕಫ್ ಮೇಲೆ ಉಳಿಯುವಂತೆ ಬಕೆಟ್ಟಿನಲ್ಲಿ ಕೈ ಇಳಿಸಿ ಐದು ನಿಮಿಷ ಮುಷ್ಟಿ ಕಟ್ಟುತ್ತ ಬಿಡುತ್ತ ಇರಿ. ತಣ್ಣಗಾದ ತಕ್ಷಣ ಒಳಗೆ ನೀರು ಬಂತು ಎಂದುಕೊಳ್ಳಬೇಡಿ. ಚಳಿ ಮತ್ತು ತೇವವನ್ನು ನಮ್ಮ ಚರ್ಮ ಗುರುತು ತಪ್ಪುತ್ತದೆ, ನೀರಿನೊಳಗೆ ಒಣಗಿದ ಕೈಯೂ ಒದ್ದೆ ಅನಿಸುತ್ತದೆ. ಪೇಪರ್ ಹೇಳಿದ್ದನ್ನೇ ನಂಬಿ. ಯಾವ ಬೆರಳಿನ ಚೂರು ನೆನೆದಿದೆ ನೋಡಿಕೊಳ್ಳಿ.

ಎರಡನೆಯದು ಪಂಕ್ಚರ್ ಅಂಗಡಿಯ ವಿದ್ಯೆ. ಗ್ಲೌಸಿಗೆ ಗಾಳಿ ತುಂಬಿ, ಕಫ್ ತಿರುಚಿ ಬಿಗಿ ಹಿಡಿದು, ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಮೊದಲು ಎಲ್ಲ ಕಡೆಯಿಂದ ಸಣ್ಣ ಗುಳ್ಳೆ ಬರುತ್ತವೆ. ಅದು ಹೊರಬಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿ, ಅಂಗೈಯಿಂದ ಸವರಿದರೆ ಹೋಗುತ್ತದೆ. ಅದಾದ ಮೇಲೂ ಒಂದೇ ಜಾಗದಿಂದ ದಾರದ ಹಾಗೆ ಗುಳ್ಳೆ ಸಾಲು ಏಳುತ್ತಿದ್ದರೆ ಅಲ್ಲಿ ತೂತಿದೆ. ನನ್ನ ಹಳೇ ಜೊತೆಯಲ್ಲಿ ಬಲಗೈ ನಡುಬೆರಳಿನ ಹೊಲಿಗೆಯ ಪಕ್ಕ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಹೊರಗಿನಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಸಿಕ್ಕಿತು, ಆದರೆ ರಿಪೇರಿ ಆಗುತ್ತದೆಯೇ? ಬಹುತೇಕ ಗ್ಲೌಸುಗಳಲ್ಲಿ ಪೊರೆ ಹೊರಬಟ್ಟೆಗೂ ಲೈನಿಂಗಿಗೂ ನಡುವೆ ಪ್ರತ್ಯೇಕ ಚೀಲದಂತೆ ಇರುತ್ತದೆ. ಹೊರಗಿನ ಬಟ್ಟೆಯಲ್ಲಿ ತೂತು ಕಂಡ ಜಾಗದಲ್ಲೇ ಪೊರೆಯ ತೂತೂ ಇರಬೇಕೆಂದಿಲ್ಲ. ಮೇಲಿನಿಂದ ಸಿಲಿಕೋನ್ ಅಂಟು ಬಳಿದರೆ ಒಂದೆರಡು ಸವಾರಿ ಬರಬಹುದು, ಅಷ್ಟೇ. ಮೂರೂ ಪದರ ಒಟ್ಟಿಗೆ ಅಂಟಿಸಿದ ಮಾದರಿಯಲ್ಲಿ ಅಂಟು ಸ್ವಲ್ಪ ಹೆಚ್ಚು ಬಾಳುತ್ತದೆ. ಹೊಲಿಸಲು ಮಾತ್ರ ಕೊಡಬೇಡಿ, ಸೂಜಿ ಹಾಕಿದಷ್ಟೂ ತೂತು ಹೆಚ್ಚು. ವಾರಂಟಿ ಇದ್ದರೆ ಅಂಟು ಮುಟ್ಟಿಸುವ ಮೊದಲೇ ಗುಳ್ಳೆ ಏಳುವುದನ್ನು ವಿಡಿಯೋ ಮಾಡಿ ಕಳಿಸಿ.

ಕೈ ಒಣಗಿದೆ, ಆದರೂ ಬೆರಳು ಮರಗಟ್ಟುತ್ತದೆ

ಇಲ್ಲಿ ಅವಸರ ಬೇಡ. ಗ್ಲೌಸಿಗಿಂತ ಮೈಯ ಕಡೆಗೆ ನೋಡಬೇಕಾದ ಲಕ್ಷಣ ಇದು.

ಮೊದಲು ಅಳತೆ. ಗ್ಲೌಸ್ ತೊಟ್ಟು ಮುಷ್ಟಿ ಕಟ್ಟಿದಾಗ ಬೆರಳ ತುದಿ ಒತ್ತುತ್ತಿದ್ದರೆ ಅದು ಬಿಗಿ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರೊಳಗೆ ನಿಂತ ಗಾಳಿ. ಬಿಗಿ ಗ್ಲೌಸಿನಲ್ಲಿ ಗಾಳಿಗೂ ಜಾಗವಿಲ್ಲ, ರಕ್ತ ಓಡಾಡಲೂ ಕಷ್ಟ. ಒಳಗೆ ಇನ್ನೊಂದು ಉಣ್ಣೆ ಗ್ಲೌಸ್ ತುರುಕಿದರೆ ಚಳಿ ಹೆಚ್ಚುವುದು ಇದಕ್ಕೇ. ವೆಲ್ಕ್ರೋ, ವಾಚಿನ ಪಟ್ಟಿ ಮಣಿಕಟ್ಟನ್ನು ಹಿಸುಕುತ್ತಿದೆಯೇ ನೋಡಿ.

ಆಮೇಲೆ ಎದೆ. ಮೈಗೆ ಚಳಿಯಾದರೆ ದೇಹ ಮೊದಲು ಕೈಕಾಲಿನ ರಕ್ತ ಕಡಿಮೆ ಮಾಡಿ ಹೊಟ್ಟೆ, ಎದೆಯನ್ನು ಕಾಯುತ್ತದೆ. ಗಾಳಿ ತಡೆಯದ ಜಾಕೆಟ್ ಹಾಕಿ ಕೈಗೆ ಎಷ್ಟು ದಪ್ಪ ಗ್ಲೌಸ್ ತೊಟ್ಟರೇನು? ಡಿಸೆಂಬರಿನ ಮುಂಜಾನೆ ನಂದಿ ಬೆಟ್ಟದಿಂದ ಇಳಿಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಗಾಳಿ 10 ಡಿಗ್ರಿ ಇದ್ದು ನೀವು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ತೆರೆದ ಚರ್ಮಕ್ಕೆ ಅದು ಸುಮಾರು 6 ಡಿಗ್ರಿಯಂತೆ ತಾಗುತ್ತದೆ. ಬೆಟ್ಟ ಏರುವಾಗ ಬೆವರಿನಲ್ಲಿ ನೆಂದ ಬನಿಯನ್ ಬದಲಿಸಿ, ಎದೆಗೆ ನ್ಯೂಸ್‌ಪೇಪರ್ ಮಡಚಿ ಇಟ್ಟುಕೊಂಡು ಇಳಿದು ನೋಡಿ. ಕೈಗೆ ಏನೂ ಮಾಡದೆಯೇ ಬೆರಳು ಸುಧಾರಿಸುತ್ತದೆ.

ಮರಗಟ್ಟಿದ್ದು ಯಾವ ಬೆರಳು? ಎಲ್ಲವೂ ಆದರೆ ಚಳಿ. ಕಿರುಬೆರಳು, ಉಂಗುರ ಬೆರಳು ಮಾತ್ರ ಜೋಮು ಹಿಡಿದರೆ ಅದು ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರದ ಮೇಲಿನ ಒತ್ತಡ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಮಣಿಕಟ್ಟಿನ ನಡುವಿನ ನರ. ಎರಡಕ್ಕೂ ಗ್ಲೌಸ್ ಬದಲಿಸಿ ಪ್ರಯೋಜನವಿಲ್ಲ. ಹ್ಯಾಂಡಲ್ ಎತ್ತರ, ಸೀಟಿನ ಓರೆ ಸರಿಮಾಡಿ, ಕೈ ಹಿಡಿಯುವ ಜಾಗ ಆಗಾಗ ಬದಲಿಸಿ. ಸವಾರಿ ಮುಗಿದು ಒಂದೆರಡು ದಿನವಾದರೂ ಜೋಮು ಬಿಡದಿದ್ದರೆ, ಬೆರಳಿನ ಹಿಡಿತ ಸೋತರೆ ಡಾಕ್ಟರರಿಗೆ ತೋರಿಸಿ. ಸ್ವಲ್ಪ ಚಳಿಗೇ ಬೆರಳು ಬಿಳಿಚಿ, ನೀಲಿಯಾಗಿ, ಬೆಚ್ಚಗಾಗುವಾಗ ಕೆಂಪಾಗಿ ಉರಿಯುವವರೂ ಹಾಗೆಯೇ. ಅದು ರಕ್ತನಾಳಗಳ ಸ್ವಭಾವ, ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ.

ಇಲ್ಲಿ ಸೈಕಲ್ ನಿಲ್ಲಿಸಿ

ಘಾಟಿ ಇಳಿಯುವ ಮೊದಲು, ನಡುವೆಯೂ, ಒಂದು ಪರೀಕ್ಷೆ: ಹೆಬ್ಬೆರಳ ತುದಿಯನ್ನು ಅದೇ ಕೈಯ ಕಿರುಬೆರಳ ತುದಿಗೆ ಮುಟ್ಟಿಸಿ. ಆಗದಿದ್ದರೆ ಬ್ರೇಕ್ ಹಿಡಿಯುವ ಕೈ ನಿಮ್ಮದಲ್ಲ. ಚಾರ್ಮಾಡಿ, ಆಗುಂಬೆ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದಾಗ ಅದು ಗೊತ್ತಾಗುವುದು ಬೇಡ. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಇದ್ದರೆ ಒದ್ದೆಯಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಅದರ ಮೇಲೆ ಕೈಯೂ ತಡವಾದರೆ ಕಷ್ಟ. ದಪ್ಪ ಗ್ಲೌಸಿನಲ್ಲಿ ಲಿವರ್ ಎಟುಕುತ್ತದೆಯೇ, ಎರಡು ಗೇರ್ ಒಟ್ಟಿಗೆ ಬೀಳುತ್ತವೆಯೇ ಎಂಬುದನ್ನು ಮನೆ ಮುಂದಿನ ರಸ್ತೆಯಲ್ಲೇ ನೋಡಿಕೊಂಡಿರಬೇಕು.

ನಿಂತ ಮೇಲೆ ಒದ್ದೆ ಗ್ಲೌಸ್ ತೆಗೆದು, ಒರೆಸಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಹೋಟೆಲಿನ ಒಲೆಯ ಮುಂದೆ ಹಿಡಿಯಬೇಡಿ, ಕುದಿನೀರಲ್ಲಿ ಅದ್ದಬೇಡಿ. ಸ್ಪರ್ಶ ಸತ್ತ ಚರ್ಮ ಸುಟ್ಟದ್ದು ಗೊತ್ತಾಗುವುದಿಲ್ಲ. ಬೆಚ್ಚಗಿನ ನೀರು ಸಿಕ್ಕರೆ ಜೊತೆಗಾರರು ಮೊಣಕೈ ಅದ್ದಿ ಹದ ನೋಡಲಿ, ಮಗುವಿನ ಸ್ನಾನಕ್ಕೆ ನೋಡುವ ಹಾಗೆ. ಬ್ರಾಂದಿ ಗುಟುಕು ಬೆಚ್ಚಗೆ ಅನಿಸುವಂತೆ ಮಾಡಿ ಮೈಯ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಜೊತೆಗಾರ ಗಡಗಡ ನಡುಗುತ್ತಿದ್ದು ಮಾತು ತೊದಲಿದರೆ, ಸುಮ್ಮನೆ ಕಿರಿಕಿರಿ ಮಾಡಿದರೆ, ಸೈಕಲ್ ಓಲಾಡಿದರೆ ಅದು ಕೈಯ ಸಮಸ್ಯೆಯಲ್ಲ, ಮೈಯ ಉಷ್ಣತೆ ಇಳಿಯುತ್ತಿದೆ. ಮೈ ತಣ್ಣಗಿರುವಾಗಲೇ ನಡುಕ ನಿಂತುಹೋದರೆ ಇನ್ನೂ ಅಪಾಯ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಚಹಾ ಕೊಡಿ, 108ಕ್ಕೆ ಫೋನ್ ಮಾಡಿ. ಘಾಟಿಯಲ್ಲಿ ಸಿಗ್ನಲ್ ಸಿಗದೆ ಹೋಗಬಹುದು; ಬರುವ ಜೀಪು, ಲಾರಿ ಯಾವುದನ್ನಾದರೂ ಕೈ ಅಡ್ಡ ಹಾಕಿ ನಿಲ್ಲಿಸಿ.

ಬಿಚ್ಚಿದ ಮೇಲೆ ಮತ್ತೆ ಹಾಕಲು ಆಗುತ್ತಿಲ್ಲ

ಒದ್ದೆ ಕೈ ಎಳೆದಾಗ ಲೈನಿಂಗ್ ಅಂಟಿಕೊಂಡು ಹೊರಗೆ ಬಂದಿದೆ, ಬೆರಳೊಳಗೆ ಗಂಟಾಗಿದೆ. ಜೋರಾಗಿ ತುರುಕಬೇಡಿ. ಪೆನ್ಸಿಲಿನ ಮೊಂಡು ತುದಿಯಿಂದ ಒಂದೊಂದೇ ಬೆರಳನ್ನು ಒಳಕ್ಕೆ ತಳ್ಳಿ. ತೆಗೆಯುವಾಗ ಬೆರಳ ತುದಿಗಳನ್ನು ಒಂದೊಂದಾಗಿ ಚಿವುಟಿ ಹಿಡಿದು ಸಡಿಲಿಸಿಕೊಂಡು ಬಿಡಿಸಿದರೆ ಲೈನಿಂಗ್ ಅಲ್ಲೇ ನಿಲ್ಲುತ್ತದೆ. ನೈಟ್ರೈಲ್ ಒಳಗೆ ಹಾಕಿದ್ದರೆ ಜಾರಿ ಬರುತ್ತದೆ, ಈ ತಂಟೆಯೇ ಇಲ್ಲ.

ಮುಗ್ಗಲು ವಾಸನೆ, ಬೂಷ್ಟು

ರಾತ್ರಿಯೆಲ್ಲ ಬ್ಯಾಗಿನಲ್ಲಿ ಬಿಟ್ಟಿದ್ದಕ್ಕೆ ಶಿಕ್ಷೆ. ಒಳಗೆ ನ್ಯೂಸ್‌ಪೇಪರ್ ಉಂಡೆ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗೆ ಬೆರಳು ಮೇಲಾಗಿ ನಿಲ್ಲಿಸಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಎಲ್ಲವನ್ನೂ ಒಣಗಿಸುವ ರೂಢಿ. ಗ್ಲೌಸಿಗೆ ಅದು ಆಗದು, ಪೊರೆಯ ಅಂಟು ಬಿಡುತ್ತದೆ. ಒಂದು ಜೊತೆಯನ್ನು ಹೀಗೇ ಕಳೆದುಕೊಂಡೆ. ಒಣಗಿತೇನೋ ನಿಜ, ಅಂಗೈ ಒಳಗೆ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು.

ಎಲ್ಲ ಪರೀಕ್ಷೆ ಮುಗಿದರೂ ಮೂರು ಗಂಟೆಗೆ ಒದ್ದೆಯಾಗುತ್ತದೆ

ಆಗುತ್ತದೆ. ಆಷಾಢದ ಮಳೆಯಲ್ಲಿ ಮೂರು ಗಂಟೆ ಕೈ ಒಣಗಿಸಿಟ್ಟ ಗ್ಲೌಸನ್ನು ನಾನಂತೂ ಕಂಡಿಲ್ಲ. ಇಲ್ಲಿಂದ ಮುಂದೆ ಒಣಗಿರುವ ಆಸೆ ಬಿಟ್ಟು, ಒದ್ದೆಯಾದರೂ ಬೆಚ್ಚಗಿರುವ ದಾರಿ ನೋಡಬೇಕು. ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಗ್ಲೌಸ್ ನೀರು ಬಿಟ್ಟುಕೊಂಡರೂ ಆ ನೀರನ್ನು ಕೈಯ ಶಾಖದಲ್ಲೇ ಬೆಚ್ಚಗಿಟ್ಟುಕೊಳ್ಳುತ್ತದೆ; ಮೈಗೆ ಕಚ್ಚಿ ಕೂರಬೇಕು ಅಷ್ಟೇ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ, ಕಂಬಳಿ ಕೊಪ್ಪೆ ಹಾಕಿ ಗದ್ದೆಗಿಳಿದವರಿಗೆ ಇದನ್ನು ಹೇಳಬೇಕಿಲ್ಲ. ನೇರ ಹ್ಯಾಂಡಲ್ ಇದ್ದರೆ ಉತ್ತರ ಭಾರತದಲ್ಲಿ ಚಳಿಗಾಲಕ್ಕೆ ಸ್ಕೂಟರಿಗೆ ಕಟ್ಟುವ ರೆಕ್ಸಿನ್ ಹ್ಯಾಂಡಲ್ ಕವರ್ ಅಗ್ಗಕ್ಕೆ ಸಿಗುತ್ತದೆ. ಕಟ್ಟಿದ ಮೇಲೆ ಬ್ರೇಕ್ ಲಿವರಿಗೆ ಸಿಕ್ಕುತ್ತದೆಯೇ ನೋಡಿಕೊಳ್ಳಿ.

ಈಗ ನಾನು ಮಾಡುವುದು ಇಷ್ಟು: ತೆಳು ಉಣ್ಣೆ ಗ್ಲೌಸ್, ಅದರ ಮೇಲೆ ಒಂದು ಸೈಜು ದೊಡ್ಡದಾದ, ಪಾತ್ರೆ ತೊಳೆಯಲು ಹಾಕುವ ಉದ್ದ ಕಫ್ಫಿನ ರಬ್ಬರ್ ಗ್ಲೌಸ್. ಬೆವರುತ್ತದೆ, ಆದರೆ ಗಾಳಿ ತಾಗುವುದಿಲ್ಲ. ಕಿತ್ತಳೆ ಬಣ್ಣದ್ದು ಸಿಕ್ಕರೆ ಕೈ ತೋರಿಸಿ ತಿರುಗುವಾಗ ಹಿಂದಿನ ಲಾರಿಯವನಿಗೂ ಕಾಣುತ್ತದೆ. ಕೊಟ್ಟಿಗೆಹಾರದ ಹೋಟೆಲಿನವರು ಇದನ್ನು ನೋಡಿ, ‘ಬಂದಿದ್ದೀರಲ್ಲ, ಹಾಗೇ ನಾಲ್ಕು ಪ್ಲೇಟ್ ತೊಳೆದುಬಿಡಿ’ ಎಂದರು.